ಹತ್ತು ಹಾಡು, ಒಂದು ಕೋಣೆ: ಆಲ್ ಗ್ರೀನ್ ಅವರ ಮೆಲುದನಿ ರೂಪುಗೊಂಡ ಬಗೆ

ಜನಪ್ರಿಯ ಗಾಯಕರ ಆಯ್ದ ಹಾಡುಗಳ ಸಂಕಲನಗಳು ಕೇಳಲು ಸಾಮಾನ್ಯವಾಗಿ ಏರುಪೇರಾಗಿರುತ್ತವೆ. ಒಂದೊಂದು ಹಾಡು ಒಂದೊಂದು ವರ್ಷದ್ದು, ಒಂದೊಂದು ಸ್ಟುಡಿಯೊದ್ದು. ವಾದ್ಯಗಾರರೂ ಬೇರೆ ಬೇರೆ. ಹೈ ರೆಕಾರ್ಡ್ಸ್ ಸಂಸ್ಥೆ 1975ರಲ್ಲಿ ಹೊರತಂದ ಆಲ್ ಗ್ರೀನ್ ಅವರ ‘ಗ್ರೇಟೆಸ್ಟ್ ಹಿಟ್ಸ್’ ಧ್ವನಿಮುದ್ರಿಕೆ ಹಾಗಿಲ್ಲ. 1970ರ ದಶಕದ ಮೊದಲ ನಾಲ್ಕೈದು ವರ್ಷಗಳ ಹತ್ತು ಹಾಡುಗಳು ಅದರಲ್ಲಿವೆ. ಆದರೂ ಮೊದಲಿನಿಂದ ಕೊನೆಯವರೆಗೆ ಅದು ಒಂದೇ ಕೃತಿಯಂತೆ ಕೇಳುತ್ತದೆ. ಆ ಒಂದುತನದ ಹಿಂದೆ ಒಂದು ಕೋಣೆ, ಒಂದು ವಾದ್ಯತಂಡ ಮತ್ತು ಒಬ್ಬ ನಿರ್ಮಾಪಕರ ತಾಳ್ಮೆ ಇದೆ.

ಗ್ರೀನ್ ಹುಟ್ಟಿದ್ದು 1946ರಲ್ಲಿ, ಅಮೆರಿಕದ ಅರ್ಕಾನ್ಸಾ ರಾಜ್ಯದ ಫಾರೆಸ್ಟ್ ಸಿಟಿಯಲ್ಲಿ. ಅವರು ಹಾಡಿದ್ದು ಸೋಲ್ ಎಂಬ ಪ್ರಕಾರದ ಸಂಗೀತ. ಕರಿಯ ಜನರ ಚರ್ಚುಗಳಲ್ಲಿ ಹಾಡುವ ಗಾಸ್ಪೆಲ್ ಗೀತೆಗಳ ಆವೇಶ ಮತ್ತು ರಿದಂ ಆ್ಯಂಡ್ ಬ್ಲೂಸ್‌ನ ಲಯ ಬೆರೆತು ಬೆಳೆದ ಗಾಯನ ಅದು. 1960ರ ದಶಕದ ಕೊನೆಯಲ್ಲಿ ಟೆಕ್ಸಸ್‌ನ ಮಿಡ್‌ಲ್ಯಾಂಡ್ ಎಂಬ ಊರಿನಲ್ಲಿ ಅವರಿಗೆ ವಿಲ್ಲಿ ಮಿಚೆಲ್ ಭೇಟಿಯಾದರು. ಮಿಚೆಲ್ ಟ್ರಂಪೆಟ್ ವಾದಕರು, ವಾದ್ಯವೃಂದದ ನಾಯಕರು, ಹೈ ರೆಕಾರ್ಡ್ಸ್‌ನ ನಿರ್ಮಾಪಕರು. ಅವರು ಗ್ರೀನ್ ಅವರನ್ನು ಟೆನೆಸ್ಸೀ ರಾಜ್ಯದ ಮೆಂಫಿಸ್ ನಗರದ ರಾಯಲ್ ಸ್ಟುಡಿಯೊಗೆ ಕರೆತಂದರು.

ರಾಯಲ್ ಮೊದಲು ಸಿನಿಮಾ ಮಂದಿರವಾಗಿತ್ತು. ಹಿಂದಿನ ಸಾಲಿನವರಿಗೂ ಪರದೆ ಕಾಣಲೆಂದು ಇಳಿಜಾರಾಗಿ ಕಟ್ಟಿದ ನೆಲವನ್ನು ಸ್ಟುಡಿಯೊ ಆದ ಮೇಲೂ ಸಮತಟ್ಟು ಮಾಡಲಿಲ್ಲ. ಇದು ಧ್ವನಿಗೆ ಒದಗಿದ ವರವಾಯಿತು. ನೆಲ ಮತ್ತು ಸೂರು ಸಮಾನಾಂತರವಾಗಿದ್ದರೆ ಶಬ್ದದ ಅಲೆಗಳು ಅವೆರಡರ ನಡುವೆ ಪುಟಿಯುತ್ತಾ ಕೆಲವು ಸ್ವರಗಳನ್ನು ಉಬ್ಬಿಸುತ್ತವೆ, ಕೆಲವನ್ನು ನುಂಗುತ್ತವೆ. ನೆಲ ಓರೆಯಾದಾಗ ಆ ಕಾಟ ತಗ್ಗುತ್ತದೆ. ಕೋಣೆಯ ಗುಣ ಒಮ್ಮೆ ಹದಕ್ಕೆ ಬಂದ ಮೇಲೆ ಮಿಚೆಲ್ ಅದನ್ನು ಕದಲಿಸಲಿಲ್ಲ.

ಹಾಡಿನ ಕೆಲಸ ಲಯದಿಂದ ಮೊದಲಾಗುತ್ತಿತ್ತು. ಹೈ ರಿದಂ ಎಂದು ಹೆಸರಾದ ತಂಡದಲ್ಲಿ ಹಾಜಸ್ ಮನೆತನದ ಮೂವರು ಸಹೋದರರಿದ್ದರು: ಗಿಟಾರ್‌ನಲ್ಲಿ ಟೀನಿ, ಆರ್ಗನ್‌ನಲ್ಲಿ ಚಾರ್ಲ್ಸ್, ಬೇಸ್ ಗಿಟಾರ್‌ನಲ್ಲಿ ಲೀರಾಯ್. ಡ್ರಮ್ಸ್‌ಗೆ ಹವರ್ಡ್ ಗ್ರೈಮ್ಸ್ ಅಥವಾ ಆಲ್ ಜಾಕ್ಸನ್ ಜೂನಿಯರ್ ಕೂರುತ್ತಿದ್ದರು. ಇವರ ನುಡಿಸಾಣಿಕೆಯ ಮೊದಲ ಗುಣ ಸಂಯಮ. ಟೀನಿ ನಾಲ್ಕಾರು ಸ್ವರ ಮೀಟಿ ಕೈ ತಡೆಯುತ್ತಾರೆ. ಆರ್ಗನ್ ಹಿಂದಿನಿಂದ ನಿಧಾನ ಉಬ್ಬಿ ಇಳಿಯುತ್ತದೆ. ಎಲ್ಲರೂ ತಾಳದ ಪೆಟ್ಟಿಗಿಂತ ಕೂದಲೆಳೆಯಷ್ಟು ತಡವಾಗಿ ನುಡಿಸುವುದರಿಂದ ಹಾಡಿಗೆ ಅವಸರವಿಲ್ಲದ ನಡಿಗೆ ಬರುತ್ತದೆ. ಹಾಗೆ ತಡಮಾಡಿಯೂ ತಾಳ ತಪ್ಪದಿರಲು ಐದಾರು ಜನ ಒಬ್ಬರನ್ನೊಬ್ಬರು ಎಷ್ಟು ಗಮನವಿಟ್ಟು ಕೇಳುತ್ತಿರಬೇಕು!

‘ಲೆಟ್ಸ್ ಸ್ಟೇ ಟುಗೆದರ್’ ಹಾಡಿನ ಡ್ರಮ್ ಪೆಟ್ಟನ್ನೇ ನೋಡಿ. ನಾಲ್ಕೆಣಿಕೆಯ ತಾಳದಲ್ಲಿ ಎರಡನೆಯ ಮತ್ತು ನಾಲ್ಕನೆಯ ಎಣಿಕೆಗೆ ಒತ್ತು ಕೊಡುವುದು ವಾಡಿಕೆ. ಅದಕ್ಕೆ ಬಳಸುವುದು ಸ್ನೇರ್, ಎಂದರೆ ಕೆಳಪದರಕ್ಕೆ ತಂತಿಗಳನ್ನು ಬಿಗಿದ, ಚಟ್ಟನೆ ಸಿಡಿಯುವ ಡ್ರಮ್. ಜಾಕ್ಸನ್ ಅದರ ಜೊತೆಗೆ ತಗ್ಗುದನಿಯ ಟಾಮ್ ಡ್ರಮ್ಮನ್ನೂ ಒಟ್ಟಿಗೇ ಹೊಡೆಯುತ್ತಾರೆ. ಸಿಡಿತಕ್ಕೆ ತೂಕ ಸೇರಿ ಗಿಡ್ಡನೆಯ, ದಪ್ಪನೆಯ ಗುದ್ದು ಹುಟ್ಟುತ್ತದೆ. ಅದಕ್ಕೆ ಪ್ರತಿಧ್ವನಿಯ ಲೇಪವಿಲ್ಲ. ಪೆಟ್ಟು ಬಿದ್ದ ಕೂಡಲೇ ಸದ್ದು ಮುಗಿದು, ಆ ಖಾಲಿ ಜಾಗ ಗಾಯಕರ ಪಾಲಾಗುತ್ತದೆ.

ಗಾಯಕರ ದನಿ ಹಿಡಿದದ್ದು 9 ಎಂಬ ಸಂಖ್ಯೆಯ ಒಂದು ಮೈಕ್. ಅದು ರಿಬ್ಬನ್ ಜಾತಿಯದು. ಅಯಸ್ಕಾಂತದ ಎರಡು ತುದಿಗಳ ನಡುವೆ ತೂಗಿಬಿಟ್ಟ ಅತಿ ತೆಳುವಾದ ಅಲ್ಯೂಮಿನಿಯಂ ಪಟ್ಟಿ ಗಾಳಿಯ ಕಂಪನಕ್ಕೆ ಅಲುಗಿ ವಿದ್ಯುತ್ ಸಂಕೇತ ಕೊಡುತ್ತದೆ. ಇಂಥ ಮೈಕ್ ಚೂಪಾದ ತಾರಸ್ವರಗಳ ಮೊನೆಯನ್ನು ಮೆತ್ತಗೆ ಮಾಡುತ್ತದೆ. ಬಾಯಿ ಹತ್ತಿರವಾದಷ್ಟೂ ದನಿಯ ಮಂದ್ರಭಾಗವನ್ನು ತುಂಬಿಕೊಡುತ್ತದೆ. ಪಿಸುಮಾತಿನ ಗಾಯನಕ್ಕೆ ಇದು ಹೇಳಿಮಾಡಿಸಿದ ಸಾಧನ.

ಆದರೆ ಪಿಸುಮಾತಿನಲ್ಲಿ ಹಾಡುವುದು ಸುಲಭವಲ್ಲ. ಜೋರಾಗಿ ಹಾಡುವಾಗ ಉಸಿರಿನ ಬಲವೇ ಸ್ವರವನ್ನು ಎತ್ತಿ ಹಿಡಿಯುತ್ತದೆ. ಮೆತ್ತಗೆ ಹಾಡುವಾಗ ಉಸಿರು ಚೂರು ಹೆಚ್ಚಾದರೂ ಕೇಳಿಸುತ್ತದೆ, ಕಡಿಮೆಯಾದರೆ ಶ್ರುತಿ ಜಾರುತ್ತದೆ. ಗ್ರೀನ್ ಮೊದಲು ಚರ್ಚಿನ ರೂಢಿಯಂತೆ ಎದೆ ತೆರೆದು ಹಾಡುತ್ತಿದ್ದವರು. ‘ಇನ್ನೂ ಮೆಲ್ಲಗೆ’ ಎಂಬ ಮಿಚೆಲ್ ಅವರ ಒತ್ತಾಯ ಅವರಿಗೆ ಆರಂಭದಲ್ಲಿ ಹಿಡಿಸಲಿಲ್ಲ. ಆದರೂ ಮತ್ತೆ ಮತ್ತೆ ಹಾಡುತ್ತಾ ಅವರು ಆ ದಾರಿಯನ್ನು ತಮ್ಮದಾಗಿಸಿಕೊಂಡರು. ಎದೆಯ ದನಿಯಿಂದ ಫಾಲ್ಸೆಟೊಗೆ, ಅಂದರೆ ಗಂಟಲ ತಂತುಗಳ ಅಂಚು ಮಾತ್ರ ಕಂಪಿಸಿ ಹುಟ್ಟುವ ತೆಳುವಾದ ಮೇಲ್ದನಿಗೆ, ಅವರು ಪದದ ನಡುವೆಯೇ ದಾಟುತ್ತಾರೆ. ದಾಟಿದ ಗುರುತು ಸಿಗುವುದಿಲ್ಲ.

ಇದರ ಮೇಲೆ ಉಳಿದ ಪದರಗಳು ಕೂರುತ್ತವೆ. ಟೇಪಿನ ಬೇರೆ ಬೇರೆ ಪಟ್ಟಿಗಳಲ್ಲಿ ಒಂದೊಂದನ್ನೇ ಮುದ್ರಿಸಿ ಕೂಡಿಸುವ ಕ್ರಮವಿದು. ಟ್ರಂಪೆಟ್‌ನ ವೇಯ್ನ್ ಜಾಕ್ಸನ್, ಸ್ಯಾಕ್ಸಫೋನ್‌ನ ಆಂಡ್ರೂ ಲವ್ ಮುಂತಾದವರ ಗಾಳಿವಾದ್ಯಗಳು ಸಾಲು ಮುಗಿದ ಕಡೆ ಚುಟುಕಾಗಿ ಉತ್ತರಿಸುತ್ತವೆ. ಡಾನಾ ಮತ್ತು ಸಾಂಡ್ರಾ ರೋಡ್ಸ್, ಚಾರ್ಲ್ಸ್ ಚಾಮರ್ಸ್ ಹಿನ್ನೆಲೆಗೆ ದನಿಗೂಡಿಸುತ್ತಾರೆ. ಪಿಟೀಲುಗಳು ಕೊನೆಗೆ ಬರುತ್ತವೆ. ಎಷ್ಟೋ ಕಡೆ ಗ್ರೀನ್ ತಮ್ಮ ದನಿಗೆ ತಾವೇ ಇನ್ನೊಂದು ಪಟ್ಟಿಯಲ್ಲಿ ಮಾರುತ್ತರ ಹಾಡಿದ್ದಾರೆ. ಇಷ್ಟೆಲ್ಲ ಪದರಗಳಿದ್ದರೂ ಯಾವುದೂ ಗಾಯಕರ ಮೇಲೆ ಬೀಳುವುದಿಲ್ಲ. ರೊಟ್ಟಿ ಬಡಿಯುವ ಕೈಯಂತೆ ಮಿಚೆಲ್ ಅವರ ಕೈಗೂ ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು ಎಂಬುದು ತಿಳಿದಿತ್ತು.

ಸಂಕಲನವಾಗುವಾಗ ಇನ್ನೊಂದು ಕುಶಲತೆಯ ಮಾತು ಬರುತ್ತದೆ. ನಿಮಿಷಕ್ಕೆ 33⅓ ಸುತ್ತು ತಿರುಗುವ ಎಲ್‌ಪಿ ತಟ್ಟೆಯ ಹೊರಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಸರಿದರೆ, ಒಳಅಂಚಿನಲ್ಲಿ ಸುಮಾರು 20 ಸೆಂಟಿಮೀಟರ್ ಮಾತ್ರ. ಅಷ್ಟೇ ಧ್ವನಿ ಕಿರಿದಾದ ಜಾಗದಲ್ಲಿ ಅಡಕವಾಗಬೇಕಾದ್ದರಿಂದ ಜೋರಿನ, ಚೂಪಾದ ಸದ್ದು ಅಲ್ಲಿ ಒಡೆಯುತ್ತದೆ. ಈ ಮುದ್ರಿಕೆಯ ಮೊದಲ ಬದಿ ಮುಗಿಯುವುದು ‘ಹೌ ಕ್ಯಾನ್ ಯೂ ಮೆಂಡ್ ಎ ಬ್ರೋಕನ್ ಹಾರ್ಟ್’ ಹಾಡಿನಿಂದ. ಬೀ ಜೀಸ್ ತಂಡದ ಈ ಹಾಡನ್ನು ಗ್ರೀನ್ ಆರು ನಿಮಿಷಕ್ಕೂ ಮಿಕ್ಕಿ ವಿಲಂಬವಾಗಿ, ಬಹುಪಾಲು ಪಿಸುದನಿಯಲ್ಲಿ ಹಾಡಿದ್ದಾರೆ. ತಟ್ಟೆಯ ಇಕ್ಕಟ್ಟಾದ ಒಳಭಾಗಕ್ಕೆ ಇದಕ್ಕಿಂತ ಒಪ್ಪುವ ಹಾಡು ಈ ಹತ್ತರಲ್ಲಿ ಇನ್ನೊಂದಿಲ್ಲ.

ತಟ್ಟೆಯನ್ನು ಮಗುಚಿದರೆ ಎರಡನೆಯ ಬದಿಯ ಮೊದಲ ಹಾಡು ‘ಲೆಟ್ಸ್ ಸ್ಟೇ ಟುಗೆದರ್’. 1972ರ ಫೆಬ್ರವರಿಯಲ್ಲಿ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ ತುದಿಗೇರಿದ ಈ ಹಾಡನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕಾಪಿಡಬೇಕಾದ ಧ್ವನಿಮುದ್ರಣಗಳ ಸಾಲಿಗೆ ಸೇರಿಸಿದೆ. ಅದರ ಬೆನ್ನಿಗೇ ಬರುವುದು 1970ರ ‘ಐ ಕಾಂಟ್ ಗೆಟ್ ನೆಕ್ಸ್ಟ್ ಟು ಯೂ’. ಇಲ್ಲಿ ಗ್ರೀನ್ ಗರ್ಜಿಸುತ್ತಾರೆ, ಸ್ವರವನ್ನು ತಿಕ್ಕಿ ಒರಟು ಮಾಡುತ್ತಾರೆ. ಹೊಸದಾಗಿ ಕೇಳುವವರು ಈ ಎರಡನ್ನು ಒಂದರ ಹಿಂದೊಂದು ಕೇಳಬೇಕು. ಕೋಣೆ ಅದೇ, ನಿರ್ಮಾಪಕರೂ ಅವರೇ. ನಡುವಿನ ಅಲ್ಪ ಅವಧಿಯಲ್ಲಿ ಒಬ್ಬ ಗಾಯಕ ತನ್ನ ಬಲವನ್ನು ಬಿಟ್ಟುಕೊಡದೆ ಅದನ್ನು ಒಳಗೆ ಹಿಡಿದಿಡಲು ಕಲಿತದ್ದು ಕಿವಿಗೆ ಸ್ಪಷ್ಟವಾಗುತ್ತದೆ. ಮೊದಲು ಆ ಗರ್ಜನೆ ಇದ್ದುದರಿಂದಲೇ ಆಮೇಲಿನ ಮೆಲುದನಿಗೆ ಅಷ್ಟು ತೂಕ.