ಖರ್ಗೆ, ತರೂರ್: ಯಾರು ಎಷ್ಟು ಉದಾರವಾದಿ?

2022ರ ಅಕ್ಟೋಬರ್ 17ರಂದು ಬಳ್ಳಾರಿ ಪಕ್ಕದ ಸಂಗನಕಲ್ಲಿನಲ್ಲಿ ಕಾಂಗ್ರೆಸ್ಸಿನ ಮತಗಟ್ಟೆಯೊಂದು ಎದ್ದಿತ್ತು. ಭಾರತ್ ಜೋಡೋ ಯಾತ್ರೆಯ ಬೀಡು ಅಂದು ಅಲ್ಲಿತ್ತು. ರಾಹುಲ್ ಗಾಂಧಿ ಮತ್ತು ಸುಮಾರು 40 ಪ್ರತಿನಿಧಿಗಳು ಅಲ್ಲಿಯೇ ಪಕ್ಷದ ಅಧ್ಯಕ್ಷರನ್ನು ಆರಿಸಲು ಮತ ಹಾಕಿದರು. ಕಣದಲ್ಲಿದ್ದವರು ಮಲ್ಲಿಕಾರ್ಜುನ ಖರ್ಗೆ ಮತ್ತು ಶಶಿ ತರೂರ್.

ನಾನು ಕುರುಗೋಡಿನವಳು, ಸಿರುಗುಪ್ಪದಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ಆ ದಿನಗಳಲ್ಲಿ ತರಗತಿಯಲ್ಲಿ ಒಬ್ಬಳು ಕೇಳಿದಳು: "ಮೇಡಂ, ಇಬ್ರಲ್ಲಿ ಯಾರು ಜಾಸ್ತಿ ಉದಾರವಾದಿ?" ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಬೆಂಚಿನಿಂದ ಉತ್ತರ ಬಂತು: "ತರೂರೇ. ಅವರ ಇಂಗ್ಲಿಷ್ ಕೇಳಿದ್ರೆ ಗೊತ್ತಾಗಲ್ವಾ?" ಎಲ್ಲರೂ ನಕ್ಕರು. ಆದರೆ ದೊಡ್ಡವರೂ ಬಹುಮಟ್ಟಿಗೆ ಹೀಗೆಯೇ ಅಳೆಯುತ್ತಾರೆ: ಉಡುಪು, ಭಾಷೆ, ಓದಿದ ಕಾಲೇಜು ನೋಡಿ.

ಅಮೆರಿಕದಲ್ಲಿ ಈ ಪ್ರಶ್ನೆಗೆ ಸಿದ್ಧ ಅಳತೆಗೋಲುಗಳಿವೆ. ಅಲ್ಲಿ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿಯಲ್ಲಿ ಸಾಮಾನ್ಯ ಮತದಾರರೇ ಮತ ಹಾಕುತ್ತಾರೆ. ಸಂಸತ್ತಿನಲ್ಲಿ ಯಾರು ಯಾವ ಮಸೂದೆಗೆ ಹೇಗೆ ಮತ ಕೊಟ್ಟರು ಎಂಬುದು ದಾಖಲೆಯಲ್ಲಿರುತ್ತದೆ. ಅದನ್ನು ಲೆಕ್ಕ ಹಾಕಿ ಅಂಕ ಕೊಡುವ ಸಂಸ್ಥೆಗಳೂ ಇವೆ. 2016ರಲ್ಲಿ ಹಿಲರಿ ಕ್ಲಿಂಟನ್ ಮತ್ತು ಬರ್ನಿ ಸ್ಯಾಂಡರ್ಸ್ ಎದುರಾದಾಗ, ಸೆನೆಟ್‌ನಲ್ಲಿ ಜೊತೆಗಿದ್ದ ಎರಡು ವರ್ಷ ಇಬ್ಬರೂ ಶೇ 93ರಷ್ಟು ಸಲ ಒಂದೇ ಬಗೆಯಾಗಿ ಮತ ಹಾಕಿದ್ದರೆಂದು ಪತ್ರಿಕೆಗಳು ಲೆಕ್ಕ ಕೊಟ್ಟವು. ಜಗಳವೆಲ್ಲ ಉಳಿದ ಏಳರ ಮೇಲೆ.

ನಮ್ಮಲ್ಲಿ ಆ ಲೆಕ್ಕ ನಡೆಯದು. 1985ರ ಪಕ್ಷಾಂತರ ನಿಷೇಧ ಕಾಯ್ದೆಯ ನಂತರ ಪಕ್ಷದ ಆದೇಶವಾದ ವಿಪ್ ಮೀರಿ ಮತ ಹಾಕಿದ ಸದಸ್ಯ ಸ್ಥಾನ ಕಳೆದುಕೊಳ್ಳಬಹುದು. ಹಾಗಾಗಿ ಸದನದ ಮತ ಬಹುಪಾಲು ಪಕ್ಷದ್ದು. ಸದಸ್ಯರ ಮನಸ್ಸು ಅದರಲ್ಲಿ ಕಾಣುವುದಿಲ್ಲ. ಕೈಗೆ ಅಧಿಕಾರವೋ ಅವಕಾಶವೋ ಸಿಕ್ಕಾಗ, ಯಾರ ಒತ್ತಾಯವೂ ಇಲ್ಲದೆ ಅವರು ಏನು ಆಯ್ದುಕೊಂಡರು ಎಂದೇ ನೋಡಬೇಕು.

ತರೂರ್ ವಿಷಯದಲ್ಲಿ ಅಂಥ ಪುರಾವೆ ಖಾಸಗಿ ಮಸೂದೆಗಳಲ್ಲಿದೆ. ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಂ ತಿದ್ದಲು 2015ರ ಡಿಸೆಂಬರ್‌ನಲ್ಲಿ ಅವರು ಮಸೂದೆ ತಂದರು. ಮಂಡಿಸಲು ಅನುಮತಿ ಕೇಳುವ ಹಂತದಲ್ಲೇ 71–24ರಲ್ಲಿ ಅದು ಬಿತ್ತು. ಮರುವರ್ಷ ಮತ್ತೆ ತಂದರು, ಮತ್ತೆ ಬಿತ್ತು. 2018ರಲ್ಲಿ ಸುಪ್ರೀಂ ಕೋರ್ಟೇ ಆ ಕೆಲಸ ಮಾಡಿತು. ಅದೇ ವರ್ಷ ಎಲ್ಲ ವಯಸ್ಸಿನ ಮಹಿಳೆಯರಿಗೂ ಪ್ರವೇಶ ಕೊಟ್ಟ ಶಬರಿಮಲೆ ತೀರ್ಪು ಬಂದಾಗ ಮಾತ್ರ, ಸಮಾನತೆಯ ಪರ ನಿಂತಿದ್ದ ಅವರು ಭಕ್ತರ ಭಾವನೆಯ ಕಡೆಗೆ ವಾಲಿದರು. ಕೇರಳದಲ್ಲಿ ಮತ ಕೇಳಬೇಕಾದವರು ಅವರು.

ಖರ್ಗೆಯವರ ಪುರಾವೆ ನಮ್ಮ ಜಿಲ್ಲೆಯ ನಾಡಕಚೇರಿಯಲ್ಲೇ ಸಿಗುತ್ತದೆ. ಪಿಯು ಫಲಿತಾಂಶ ಬರುತ್ತಿದ್ದಂತೆ ನನ್ನ ವಿದ್ಯಾರ್ಥಿಗಳು ಶಾಲೆಯ ದಾಖಲೆಗಳ ಜೆರಾಕ್ಸ್ ಹಿಡಿದು ಸಾಲು ನಿಲ್ಲುವುದು 371ಜೆ ಸರ್ಟಿಫಿಕೇಟಿಗೆ. ಸಂವಿಧಾನಕ್ಕೆ 98ನೇ ತಿದ್ದುಪಡಿಯಾಗಿ ಬಳ್ಳಾರಿಯೂ ಸೇರಿದಂತೆ ಹಿಂದುಳಿದ ಈ ಭಾಗಕ್ಕೆ ಸೀಟು, ನೌಕರಿಗಳಲ್ಲಿ ಮೀಸಲು ಸಿಕ್ಕಿದ್ದರ ಹಿಂದೆ, ಆಗ ಕೇಂದ್ರ ಸಚಿವರಾಗಿದ್ದ ಖರ್ಗೆಯವರ ಪಟ್ಟು ಇತ್ತು. ದೇವರಾಜ ಅರಸು ಸರ್ಕಾರದಲ್ಲಿ ಶಿಕ್ಷಣ ಖಾತೆಯ ರಾಜ್ಯ ಸಚಿವರಾಗಿ, ಖಾಲಿ ಉಳಿದಿದ್ದ ಪರಿಶಿಷ್ಟರ ಶಿಕ್ಷಕ ಹುದ್ದೆಗಳನ್ನು ತುಂಬಿಸಿದವರೂ ಅವರೇ.

ಹುಟ್ಟಿದ ಜಾಗ ನೋಡಿ ಸೀಟು ಕೊಡುವುದು ಉದಾರವಾದವೇ ಎಂದು ಕೇಳಬಹುದು. ಹಳೆಯ ಕಾಲದ ಉದಾರವಾದಿ ಒಪ್ಪಲಾರ. ಸರ್ಕಾರ ವ್ಯಕ್ತಿಯ ತಂಟೆಗೆ ಬಾರದಿದ್ದರೆ ಸಾಕು ಎಂಬುದು ಅವನ ನಿಲುವು. ಆದರೆ ಕಾಲೇಜಿನ ಮೆಟ್ಟಿಲೇ ಹತ್ತದವಳಿಗೆ ಆ ಸ್ವಾತಂತ್ರ್ಯದಿಂದ ಏನು ಸಿಕ್ಕಿತು? ಬಿಡುಗಡೆಯ ಬಾಗಿಲು ತೆರೆದುಕೊಡುವುದೂ ಸರ್ಕಾರದ ಕೆಲಸ ಎನ್ನುವುದು ಇನ್ನೊಂದು ಉದಾರವಾದ. ಮೊದಲನೆಯದರಲ್ಲಿ ತರೂರ್ ಮುಂದು, ಎರಡನೆಯದರಲ್ಲಿ ಖರ್ಗೆ. ಇಬ್ಬರನ್ನೂ ಒಂದೇ ಅಂಕಪಟ್ಟಿಯಲ್ಲಿ ಕೂರಿಸಿದರೆ ಲೆಕ್ಕ ತಪ್ಪುತ್ತದೆ.

ಪಕ್ಷದ ಒಳಗಿನ ವಿಷಯಕ್ಕೆ ಬಂದರೆ, ಅಧಿಕಾರ ದೆಹಲಿಯಿಂದ ರಾಜ್ಯಗಳಿಗೆ ಇಳಿಯಬೇಕು ಎಂದರು ತರೂರ್. ಅರ್ಧದಷ್ಟು ಹುದ್ದೆ 50 ವರ್ಷದೊಳಗಿನವರಿಗೆ ಎಂಬ ಉದಯಪುರ ಘೋಷಣೆಯನ್ನು ಜಾರಿಗೆ ತರುತ್ತೇನೆ ಎಂದರು ಖರ್ಗೆ. ಫಲಿತಾಂಶ: ಖರ್ಗೆ 7,897, ತರೂರ್ 1,072. ಎಲ್ಲ ಚೀಟಿಗಳನ್ನೂ ಬೆರೆಸಿ ಎಣಿಸಿದ್ದರಿಂದ ಸಂಗನಕಲ್ಲಿನ ಒಲವು ಯಾರ ಕಡೆಗಿತ್ತೆಂಬುದು ಗುಟ್ಟಾಗಿಯೇ ಉಳಿಯಿತು.

ಅಮೆರಿಕದ ಪ್ರೈಮರಿಯಂತಲ್ಲ, ಇಲ್ಲಿ ಮತ ಹಾಕಿದವರು ಪ್ರದೇಶ ಕಾಂಗ್ರೆಸ್ ಪ್ರತಿನಿಧಿಗಳು ಮಾತ್ರ. ವಿಧಾನಸಭೆಯ ಟಿಕೆಟ್ಟಿಗಂತೂ ಅಷ್ಟೂ ಇಲ್ಲ: 2022ರ ನವೆಂಬರ್‌ನಲ್ಲಿ ರಾಜ್ಯ ಕಾಂಗ್ರೆಸ್ ಆಕಾಂಕ್ಷಿಗಳಿಂದ ಅರ್ಜಿಯ ಜೊತೆ 2 ಲಕ್ಷ, ಪರಿಶಿಷ್ಟರಿಂದ 1 ಲಕ್ಷ ರೂಪಾಯಿ ಡಿಡಿ ಪಡೆಯಿತು, ಆಯ್ಕೆ ಮೇಲಿನವರದು. 2014ರಲ್ಲಿ ಲೋಕಸಭೆಯ ಟಿಕೆಟ್ಟಿಗೆ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡದಲ್ಲಿ ಪ್ರೈಮರಿಯ ಪ್ರಯೋಗ ನಡೆದಿತ್ತು. ಗೆದ್ದು ಬಂದ ಇಬ್ಬರೂ, ಸಿ. ನಾರಾಯಣಸ್ವಾಮಿ ಮತ್ತು ಜನಾರ್ದನ ಪೂಜಾರಿ, ಚುನಾವಣೆಯಲ್ಲಿ ಸೋತರು. ಪ್ರಯೋಗ ಅಲ್ಲಿಗೇ ನಿಂತಿತು.

ಆದರೂ ನಮ್ಮ ಕಡೆಯ ಆಕಾಂಕ್ಷಿಗಳನ್ನು ಅಳೆಯಲು ಬ್ಯಾಲೆಟ್ ಬೇಕಿಲ್ಲ. ತಾಲ್ಲೂಕು ಪಂಚಾಯ್ತಿಯಲ್ಲಿದ್ದಾಗ ದಲಿತ ಕೇರಿಗೆ ನೀರಿನ ಪೈಪು ಹಾಕಿಸಿದರಾ? ಜಾತಿ ಬಿಟ್ಟು ಮದುವೆಯಾದ ಜೋಡಿ ಬಾಗಿಲಿಗೆ ಬಂದಾಗ ಪೊಲೀಸರಿಗೆ ಯಾರ ಪರ ಫೋನ್ ಮಾಡಿದರು? ಎದುರು ಮಾತಾಡಿದ ಕಾರ್ಯಕರ್ತನನ್ನು ಮುಂದಿನ ಸಭೆಗೆ ಕರೆದರಾ? ಸಿರುಗುಪ್ಪದ ಯಾವ ಹೋಟೆಲಿನಲ್ಲಿ ಕೇಳಿದರೂ ಇದಕ್ಕೆ ಉತ್ತರ ಸಿಗುತ್ತದೆ. ಟಿಕೆಟ್ ಹಂಚುವವರು ಕೇಳದಿದ್ದರೆ, ಮತ ಕೇಳಲು ಬಂದಾಗ ನಾವೇ ಕೇಳಬೇಕು.