ಮೊಟ್ಟೆಯೊಳಗೇ ಸಿದ್ಧವಾಗುವ ಜಠರ: ಖಾನಾಪುರದ ಏಡಿಮರಿಗಳ ವಿಶೇಷ

ಬೆಳಗಾವಿ: ಕರಾವಳಿಯಿಂದ ನಗರದ ಮಾರುಕಟ್ಟೆಗೆ ಬರುವ ಸೀಗಡಿಯೂ, ಮುಂಗಾರು ಆರಂಭವಾದೊಡನೆ ಖಾನಾಪುರ ತಾಲ್ಲೂಕಿನ ಗದ್ದೆ, ಹಳ್ಳಗಳಲ್ಲಿ ಕಾಣಿಸಿಕೊಳ್ಳುವ ಏಡಿಯೂ ಹತ್ತು ಕಾಲಿನ ಕಠಿಣಚರ್ಮಿಗಳ ಒಂದೇ ಗಣಕ್ಕೆ ಸೇರಿವೆ. ಆದರೆ ಅವುಗಳ ಮರಿಗಳು ಉಣ್ಣಲು ಕಲಿಯುವ ಬಗೆ ಮಾತ್ರ ತೀರಾ ಭಿನ್ನ. ಮರಿಯ ಜೀರ್ಣಾಂಗ ಯಾವಾಗ, ಎಲ್ಲಿ ರೂಪುಗೊಳ್ಳುತ್ತದೆ ಎಂಬುದರ ಮೇಲೆಯೇ ಆ ಜೀವಿ ಎಲ್ಲಿ ಬದುಕಬಲ್ಲದು ಎಂಬುದು ನಿರ್ಧಾರವಾಗುತ್ತದೆ.

ಮೂರು ಭಾಗಗಳ ಕರುಳು

ಬೆಳೆದ ಸೀಗಡಿ ಹಾಗೂ ಏಡಿಯ ಅನ್ನಮಾರ್ಗದಲ್ಲಿ ಮುಂಗರುಳು, ನಡುಗರುಳು, ಹಿಂಗರುಳು ಎಂಬ ಮೂರು ಭಾಗಗಳಿವೆ. ಮುಂಗರುಳು ಮತ್ತು ಹಿಂಗರುಳಿನ ಒಳಮೈಗೆ ಹೊರಚಿಪ್ಪಿನಂತೆಯೇ ಕೈಟಿನ್ ಎಂಬ ವಸ್ತುವಿನ ಪೊರೆ ಇರುತ್ತದೆ. ಜೀವಿ ಚಿಪ್ಪು ಕಳಚಿದಾಗಲೆಲ್ಲ ಈ ಒಳಪೊರೆಯೂ ಕಳಚಿ ಹೊಸದು ಮೂಡುತ್ತದೆ. ಏಡಿಯ ಮುಂಗರುಳಿನಲ್ಲಿ ಮೂರು ಗಟ್ಟಿ ಹಲ್ಲುಗಳುಳ್ಳ 'ಜಠರದ ಗಿರಣಿ' ಇದ್ದು, ನುಂಗಿದ ಆಹಾರವನ್ನು ಅರೆಯುತ್ತದೆ. ನಡುಗರುಳಿಗೆ ಹೊಂದಿಕೊಂಡ ಹೆಪಟೋಪ್ಯಾಂಕ್ರಿಯಾಸ್ ಗ್ರಂಥಿ ಕಿಣ್ವಗಳನ್ನು ಸ್ರವಿಸುವುದಲ್ಲದೆ, ಸತ್ವವನ್ನು ಹೀರಿ ಕೊಬ್ಬಿನ ರೂಪದಲ್ಲಿ ಸಂಗ್ರಹಿಸಿಡುತ್ತದೆ.

ಹುಟ್ಟುವಾಗ ಅಪೂರ್ಣ

ಕಡಲ ಸೀಗಡಿಯ ಮರಿಗೆ ಹುಟ್ಟುವಾಗ ಇವಾವುವೂ ಪೂರ್ಣವಾಗಿರುವುದಿಲ್ಲ. ಮೊಟ್ಟೆಯಿಂದ ಹೊರಬಂದ 'ನಾಪ್ಲಿಯಸ್' ಸುಮಾರು ಎರಡು ದಿನ ಏನನ್ನೂ ತಿನ್ನದೆ, ಒಡಲಲ್ಲಿ ಉಳಿದ ಮೊಟ್ಟೆಯ ಹಳದಿಯ ಬಲದಿಂದಲೇ ಜೀವಿಸುತ್ತದೆ. ಮುಂದಿನ 'ಪ್ರೋಟೋಜೋಯಾ' ಅವಸ್ಥೆಯಲ್ಲಿ ಉಣ್ಣಲಾರಂಭಿಸಿ, ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿಯನ್ನು ಸೋಸಿ ತಿನ್ನುತ್ತದೆ. 'ಮೈಸಿಸ್' ಅವಸ್ಥೆಗೆ ಬಂದಾಗ ಸೂಕ್ಷ್ಮ ಪ್ರಾಣಿಗಳನ್ನು ಹಿಡಿಯುತ್ತದೆ. ಗ್ರಂಥಿ ಬೆಳೆದಂತೆಲ್ಲ ಆಹಾರವೂ ಬದಲಾಗುತ್ತದೆ. ಕಡಲ ಏಡಿಯ 'ಜೋಯಾ' ಮರಿಯೂ ತೇಲುತ್ತಲೇ ಬೆಳೆಯುತ್ತದೆ. ಅರೆಯುವ ಗಿರಣಿ ಸ್ಪಷ್ಟ ರೂಪ ತಾಳುವುದು ನಂತರದ 'ಮೆಗಲೋಪಾ' ಹಂತದಲ್ಲಿ.

ಸಿಹಿನೀರಿನ ಕೃಷಿಗೆ ಹೆಸರಾದ ದೊಡ್ಡ ಸೀಗಡಿಯೂ ಈ ಬಂಧನದಿಂದ ಬಿಡಿಸಿಕೊಂಡಿಲ್ಲ. ಹೊಳೆಯಲ್ಲಿ ಬೆಳೆದರೂ ಅದರ ಮರಿಗೆ ಹನ್ನೊಂದು ಹಂತಗಳನ್ನು ದಾಟಲು ಉಪ್ಪು ಬೆರೆತ ಅಳಿವೆಯ ನೀರೇ ಬೇಕು. ಮೊದಲ ಹಂತದಲ್ಲಿ ಮರಿ ಉಪವಾಸ ಇರುತ್ತದೆ. ಹಳದಿ ತೀರುವುದರೊಳಗೆ ಉಪ್ಪುನೀರೂ ಆಹಾರವೂ ದೊರೆಯದಿದ್ದರೆ ಕೆಲವೇ ದಿನಗಳಲ್ಲಿ ಸಾಯುತ್ತದೆ. ಒಳನಾಡಿನ ಕೆರೆ, ಹೊಂಡಗಳಲ್ಲಿ ಈ ಸೀಗಡಿಯನ್ನು ಸಾಕುವವರು ಪ್ರತಿ ಬಾರಿಯೂ ಮರಿ ಉತ್ಪಾದನಾ ಕೇಂದ್ರದಿಂದ ಮರಿ ತರಬೇಕಾಗಿರುವುದು ಇದೇ ಕಾರಣಕ್ಕೆ.

ಕಡಲನ್ನು ಮರೆತ ಏಡಿ

ಖಾನಾಪುರದ ಭೌಗೋಳಿಕ ಸ್ಥಿತಿಯನ್ನು ಗಮನಿಸಿದರೆ ಈ ಸಮಸ್ಯೆಯ ಗಾತ್ರ ಅರಿವಾಗುತ್ತದೆ. ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಾಭಿಮುಖವಾಗಿ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಆ ನೀರು ಬಂಗಾಳಕೊಲ್ಲಿ ತಲುಪುವ ಹಾದಿಯಲ್ಲಿ ನವಿಲುತೀರ್ಥ, ಶ್ರೀಶೈಲ, ನಾಗಾರ್ಜುನಸಾಗರದಂಥ ಅಣೆಕಟ್ಟುಗಳಿವೆ. ಇಲ್ಲಿ ಹುಟ್ಟಿದ ಸೂಕ್ಷ್ಮ ಮರಿಯೊಂದು ಕಡಲು ಸೇರಿ, ಬೆಳೆದು, ಮರಳಿ ಬರುವುದು ಅಸಾಧ್ಯ.

ಸಿಹಿನೀರಿನ ಏಡಿಗಳು ಇದಕ್ಕೆ ಕಂಡುಕೊಂಡ ಪರಿಹಾರ ಸರಳವಾದುದು: ತೇಲುವ ಮರಿಯ ಹಂತಗಳನ್ನೆಲ್ಲ ಮೊಟ್ಟೆಯೊಳಗೇ ಮುಗಿಸುವುದು. ಕಡಲ ಏಡಿ ಲಕ್ಷಗಟ್ಟಲೆ ಸಣ್ಣ ಮೊಟ್ಟೆ ಇಟ್ಟರೆ, ಸಿಹಿನೀರಿನ ಏಡಿ ಹಳದಿ ತುಂಬಿದ ಕೆಲವೇ ದೊಡ್ಡ ಮೊಟ್ಟೆಗಳನ್ನು ಇಡುತ್ತದೆ. ಆ ಹಳದಿಯ ಆಸರೆಯಲ್ಲಿ ಜೀರ್ಣಾಂಗ ಒಳಗೇ ರೂಪುಗೊಂಡು, ಹೊರಬರುವುದು ತಾಯಿಯನ್ನೇ ಹೋಲುವ ಪುಟ್ಟ ಏಡಿ. ಅದನ್ನೂ ತಾಯಿ ಕೂಡಲೇ ಬಿಟ್ಟುಕೊಡದೆ ಹೊಟ್ಟೆಯಡಿಯ ಮಡಿಕೆಯಲ್ಲಿ ಕೆಲಕಾಲ ಹೊತ್ತು ತಿರುಗುತ್ತದೆ. ಜಗತ್ತಿನಲ್ಲಿ ಇಂತಹ ಸಿಹಿನೀರಿನ ಏಡಿಗಳ 1,300ಕ್ಕೂ ಹೆಚ್ಚು ಪ್ರಭೇದಗಳು ಗುರುತಿಸಲ್ಪಟ್ಟಿದ್ದು, ಪಶ್ಚಿಮ ಘಟ್ಟ ಅವುಗಳ ಪ್ರಮುಖ ನೆಲೆಗಳಲ್ಲಿ ಒಂದಾಗಿದೆ.

ಲಾಭದೊಡನೆ ಅಪಾಯ

ಈ ಅನುಕೂಲಕ್ಕೆ ಏಡಿ ತೆರುವ ಬೆಲೆ ಕಡಿಮೆಯದಲ್ಲ. ಕಡಲ ಏಡಿಯ ಮರಿಗಳು ಅಲೆಗಳೊಡನೆ ದೂರ ಸಾಗಿ ಹೊಸ ನೆಲೆ ಹುಡುಕಬಲ್ಲವು. ಘಟ್ಟದ ಏಡಿಮರಿ ಹುಟ್ಟಿದ ಹಳ್ಳದ ಆಸುಪಾಸಿನಲ್ಲೇ ಉಳಿಯುತ್ತದೆ. ಒಂದು ಹಳ್ಳದ ಏಡಿಗಳು ನಾಶವಾದರೆ ಬೇರೆಡೆಯಿಂದ ಮರಿಗಳು ತೇಲಿಬಂದು ಆ ಸ್ಥಾನ ತುಂಬುವುದಿಲ್ಲ. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಭೀಮಗಡದ ತೊರೆಗಳಿಗೂ, ನೀರಿನ ವಿವಾದದಿಂದ ರಾಜ್ಯಕ್ಕೆಲ್ಲ ಪರಿಚಿತವಾದ ಕಳಸಾ, ಬಂಡೂರಿ ನಾಲೆಗಳಿಗೂ ಈ ಮಾತು ಅನ್ವಯಿಸುತ್ತದೆ.

ಗದ್ದೆಯ ಕೀಟನಾಶಕಗಳೂ ಚಿಂತೆಗೆ ಕಾರಣ. ಕೆಲವು ಕೀಟನಾಶಕಗಳು ಕೀಟದ ಮೈಯಲ್ಲಿ ಕೈಟಿನ್ ರಚನೆಯಾಗದಂತೆ ತಡೆದು ಅದನ್ನು ಕೊಲ್ಲುತ್ತವೆ. ಏಡಿ, ಸೀಗಡಿಗಳ ಚಿಪ್ಪೂ ಕರುಳಿನ ಒಳಪೊರೆಯೂ ಕೈಟಿನ್‌ನಿಂದಲೇ ಆದುದರಿಂದ, ಮೇಲಿಂದ ಮೇಲೆ ಪೊರೆ ಕಳಚುವ ಮರಿಗಳಿಗೆ ಇವು ಹೆಚ್ಚು ಅಪಾಯಕಾರಿ.

ಅಡುಗೆಮನೆಗೂ ಈ ತಿಳಿವಳಿಕೆ ಉಪಯುಕ್ತ. ಸೀಗಡಿಯ ಬೆನ್ನಿನಿಂದ ತೆಗೆಯುವ ಕಪ್ಪು ಎಳೆ ನರವಲ್ಲ, ಕರುಳು. ಏಡಿಯ ಚಿಪ್ಪಿನೊಳಗಿನ ಹಳದಿ ಮಿಶ್ರಿತ ಮೃದು ಭಾಗ ಹೆಪಟೋಪ್ಯಾಂಕ್ರಿಯಾಸ್. ನೀರಿನಲ್ಲಿರುವ ಕ್ಯಾಡ್ಮಿಯಂನಂಥ ಭಾರಲೋಹಗಳು ಶೇಖರವಾಗುವುದು ಮುಖ್ಯವಾಗಿ ಅಲ್ಲಿಯೇ. ಹೀಗಾಗಿ ಕಲುಷಿತ ನೀರಿನ ಏಡಿಯಲ್ಲಿ ಆ ಭಾಗವನ್ನು ತೆಗೆದುಹಾಕುವುದು ಒಳಿತು. ಹಳ್ಳದಲ್ಲಿ ಏಡಿ ಹಿಡಿಯುವವರು ಹೊಟ್ಟೆಯಡಿ ಮೊಟ್ಟೆಯನ್ನೋ ಮರಿಯನ್ನೋ ಹೊತ್ತ ಹೆಣ್ಣನ್ನು ನೀರಿಗೇ ಬಿಟ್ಟರೆ, ಮುಂದಿನ ಮುಂಗಾರುಗಳಿಗೂ ಆ ಹಳ್ಳದಲ್ಲಿ ಏಡಿ ಉಳಿದೀತು.