ಸುಣ್ಣದ ಕಲ್ಲೂ ಊರ ನೀರೂ

ಬೆಂಗಳೂರು ದಂಡಿನ ರಿಚರ್ಡ್ಸ್ ಟೌನಿನಲ್ಲಿ ಉಳಿದಿರುವ ಹಳೆಯ ಬಂಗಲೆಗಳ ಗೋಡೆಗಳಿಗೆ ಸುಣ್ಣದ ಗಾರೆಯನ್ನು ಬಳಸಿರುವರು. ಆದರೆ ಅಲ್ಲಿಯ ನೆಲವನ್ನು ತೋಡಿದರೆ ಸುಣ್ಣದ ಬಂಡೆಯು ದೊರೆಯುವುದಿಲ್ಲ. ಲಾಲ್‌ಬಾಗಿನ ಗುಡ್ಡದಲ್ಲಿ ಕಾಣುವ, ಸುಮಾರು 300 ಕೋಟಿ ವರ್ಷಗಳಷ್ಟು ಪುರಾತನವಾದ ಗಟ್ಟಿ ಶಿಲೆಯೇ ಈ ಸೀಮೆಗೆಲ್ಲ ಅಡಿಪಾಯವು. ಅದು ಮಳೆಯ ನೀರಿಗೆ ಸುಲಭವಾಗಿ ಕರಗತಕ್ಕದ್ದಲ್ಲ. ಸಮೀಪದ ಹಲಸೂರು ಕೆರೆಯು ನಿಂತಿರುವುದು ಇಂತಹ ನೆಲದ ಮೇಲೆಯೇ. ಈ ಅನುಭವವನ್ನೇ ನಂಬಿ ಸುಣ್ಣದ ಸೀಮೆಯಲ್ಲಿ ಕೆರೆಬಾವಿಗಳಿಗೆ ಹಣ ಸುರಿಯುವ ಜಮೀನುದಾರರು ನಷ್ಟಕ್ಕೆ ಗುರಿಯಾಗಬಹುದು.

ಸುಣ್ಣದ ಕಲ್ಲು ಬಹುಮಟ್ಟಿಗೆ ಕಡಲಿನಲ್ಲಿ ಹುಟ್ಟಿದುದು. ಜಲಜೀವಿಗಳ ಚಿಪ್ಪುಗಳೂ, ನೀರಿನಿಂದ ಬೇರ್ಪಟ್ಟ ಸುಣ್ಣದ ಕಣಗಳೂ ತಳದಲ್ಲಿ ಪದರಪದರವಾಗಿ ಕುಳಿತು, ಮೇಲಣ ಭಾರದಿಂದ ಕಲ್ಲಾಗುವುವು. ಕಲಬುರಗಿ ಜಿಲ್ಲೆಯ ಶಹಾಬಾದ್, ಸೇಡಂ, ಚಿತ್ತಾಪುರಗಳ ಕಡೆ ಆ ಪದರಗಳು ಹೆಚ್ಚು ಬಾಗದೆ ಮಲಗಿರುವುದರಿಂದಲೇ ಕಲ್ಲು ಹಲಗೆಯಂತೆ ಏಳುವುದು. ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಇದೇ.

ನೀರಿನಲ್ಲಿ ಹುಟ್ಟಿದ ಈ ಕಲ್ಲನ್ನು ನೀರೇ ತಿನ್ನುವುದು. ಮಳೆಯ ಹನಿಯು ಗಾಳಿಯಿಂದ ಸ್ವಲ್ಪವೂ, ಬೇರು ಮತ್ತು ಕೊಳೆತ ಎಲೆಗಳಿರುವ ಮಣ್ಣಿನಿಂದ ಹೆಚ್ಚಾಗಿಯೂ ಇಂಗಾಲಾಮ್ಲ ವಾಯುವನ್ನು ಹೀರಿ ಹುಳಿಯಾಗುವುದು. ಆ ನೀರು ಬಿರುಕುಗಳಲ್ಲಿ ಇಳಿದು, ಕಲ್ಲನ್ನು ಕರಗಿಸಿ, ಕೂದಲೆಳೆಯಷ್ಟಿದ್ದ ಸಂದನ್ನು ಕಾಲುವೆಯಾಗಿಯೂ ಗುಹೆಯಾಗಿಯೂ ಮಾಡುವುದು. ಕುಮಟಾ ತಾಲ್ಲೂಕಿನ ಯಾಣದಲ್ಲಿ ಸುಮಾರು 120 ಮೀಟರ್ ಎತ್ತರದ ಭೈರವೇಶ್ವರ ಶಿಖರವೂ, 90 ಮೀಟರ್ ಎತ್ತರದ ಮೋಹಿನಿ ಶಿಖರವೂ ಹೀಗೆ ಕರಗಿ ಉಳಿದ ಸುಣ್ಣದ ಬಂಡೆಗಳೇ. ಗುಹೆಯೊಳಗಿನ ಲಿಂಗದ ಮೇಲೆ ತೊಟ್ಟಿಕ್ಕುವ ನೀರನ್ನು ನೋಡಿದವರಿಗೆ ಈ ಕೆಲಸವು ಇನ್ನೂ ಮುಗಿದಿಲ್ಲವೆಂಬುದು ತಿಳಿಯುವುದು.

ಇಂತಹ ನೆಲದಲ್ಲಿ ಒಂದು ಬಾವಿಯು ತುಂಬಿರುವಾಗ ನೆರೆಯ ಬಾವಿಯು ಒಣಗಿರಬಹುದು. ಏರಿಯು ಭದ್ರವಾಗಿದ್ದರೂ ಕೆರೆಯ ನೀರು ತಳದಿಂದಲೇ ಸೋರಿಹೋಗಬಹುದು. ಇದಕ್ಕಿಂತಲೂ ಕಳವಳಕರವಾದುದು ಬೇರೊಂದುಂಟು. ಮಣ್ಣಿನಲ್ಲಿ ಮೆಲ್ಲಗೆ ಸೋಸಿ ಇಳಿಯಬೇಕಾದ ನೀರು ಬಿರುಕಿನಲ್ಲಿ ನೇರವಾಗಿ ಹರಿಯುವುದರಿಂದ, ಗೊಬ್ಬರದ ಗುಂಡಿಯ ಹೊಲಸು ಕುಡಿಯುವ ಬಾವಿಗೆ ಬೇಗನೆ ಸೇರುವುದು. ನೀರು ತಿಳಿಯಾಗಿದೆಯೆಂದು ಸುಮ್ಮನಿರಲಾಗದು. ಹೊಲದ ಕುಸಿದ ಕುಳಿಗಳಲ್ಲಿ ಕಸವನ್ನೂ ಸತ್ತ ದನವನ್ನೂ ಹಾಕುವ ರೂಢಿಯನ್ನು ಮೊದಲು ನಿಲ್ಲಿಸತಕ್ಕದ್ದು.

ತಮ್ಮ ನೆಲದ ಕಲ್ಲು ಯಾವುದೆಂದು ಸಂಶಯವಿದ್ದವರು ಒಂದು ಚೂರನ್ನು ಪುಡಿಮಾಡಿ ನಿಂಬೆಯ ರಸವನ್ನು ಹಿಂಡಲಿ. ನೊರೆ ಎದ್ದರೆ ಅದರಲ್ಲಿ ಸುಣ್ಣವುಂಟು. ಆಗ ಕೆರೆಗೆ ಅಂದಾಜುಪಟ್ಟಿ ಬರೆಯಿಸುವುದಕ್ಕೆ ಮುಂಚೆ ಭೂವಿಜ್ಞಾನ ಬಲ್ಲವರಿಂದ ತಳವನ್ನು ಪರೀಕ್ಷೆ ಮಾಡಿಸುವುದು ಲೇಸು.